ಮುಂದಕ್ಕೆ ಹೋಗುತ್ತಲೇ ಇರುವ ಪ್ರಳಯ

ಗಣೇಶನ ಹಬ್ಬವಿರಲಿ, ಸತ್ಯನಾರಾಯಣ ಪೂಜೆಯಿರಲಿ, ಪುರೋಹಿತರು ಸಂಕಲ್ಪ ಹೇಳಿಸುವಾಗ ಮನೆಯವರ ಗಮನ ಅಡುಗೆಮನೆಯ ಕಡೆಗೋ, ಬಾಗಿಲಿಗೆ ಬಂದ ನೆಂಟರ ಕಡೆಗೋ ಇರುವುದೇ ಹೆಚ್ಚು. ಆ ಸಂಕಲ್ಪದಲ್ಲಿ ಒಂದು ವಿಳಾಸ ಅಡಗಿದೆ. ಪೂಜೆ ಮಾಡುವವನು ಯಾವ ದೇಶದಲ್ಲಿದ್ದಾನೆ, ಯಾವ ನದಿಯ ತೀರದಲ್ಲಿದ್ದಾನೆ ಎಂಬುದರ ಜೊತೆಗೆ ಅವನು ಕಾಲದ ಯಾವ ಬೀದಿಯಲ್ಲಿ ನಿಂತಿದ್ದಾನೆ ಎಂಬುದನ್ನೂ ಅದು ಹೇಳುತ್ತದೆ. ಆ ವಿಳಾಸದ ಪ್ರಕಾರ ಈಗ ನಡೆಯುತ್ತಿರುವುದು ಕಲಿಯುಗದ ಮೊದಲನೆಯ ಪಾದ.

"ಅಮ್ಮಾ, ಗ್ರಹಗಳೆಲ್ಲ ಒಂದೇ ಸಾಲಿಗೆ ಬಂದು ಪ್ರಪಂಚ ಮುಳುಗಿಹೋಗುತ್ತಂತೆ, ಹೌದಾ?" ಎಂದು ಮೊಬೈಲ್ ಹಿಡಿದುಕೊಂಡು ಬಂದ ಮಗ ಕೇಳಿದರೆ, ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಕಲಿಯುಗದ ಒಟ್ಟು ಅವಧಿ 4,32,000 ವರ್ಷ. ಕಳೆದಿರುವುದು ಐದು ಸಾವಿರದ ನೂರಕ್ಕಿಂತ ಸ್ವಲ್ಪ ಹೆಚ್ಚು. ಇನ್ನು 4 ಲಕ್ಷದ 26 ಸಾವಿರಕ್ಕೂ ಹೆಚ್ಚು ವರ್ಷ ಬಾಕಿ! ಯುಗಾಂತ್ಯದ ಮಾತನ್ನು ನಂಬುವವರ ಮನೆಯ ಪಂಚಾಂಗವೇ ಅವಸರ ಬೇಡ ಎನ್ನುತ್ತಿದೆ.

ಹಾಗಿದ್ದರೂ ಕೆಲವು ವರ್ಷಗಳಿಗೊಮ್ಮೆ ಪ್ರಳಯದ ಸುದ್ದಿ ಹೊಸದಾಗಿ ಹುಟ್ಟುತ್ತದೆ. ಹುಟ್ಟಿದಾಗಲೆಲ್ಲ ಅದರ ಬೆನ್ನಿಗೆ ಆಕಾಶದ ಲೆಕ್ಕವೊಂದು ಇರುತ್ತದೆ. ಆ ಲೆಕ್ಕ ಎಲ್ಲಿಂದ ಬಂತು? ಲೆಕ್ಕ ಸರಿಯಾಗಿದ್ದೂ ಭವಿಷ್ಯ ಸುಳ್ಳಾಗುವುದು ಹೇಗೆ?

ಎಂಟು ಗ್ರಹಗಳ ಕೂಟ

ಈಗ ಎಪ್ಪತ್ತು ದಾಟಿರುವ ಅಜ್ಜ ಅಜ್ಜಿಯರನ್ನು ಕೇಳಿದರೆ 1962ರ 'ಅಷ್ಟಗ್ರಹ ಕೂಟ'ದ ನೆನಪು ಹಲವರಲ್ಲಿ ಇದ್ದೀತು. ಆ ವರ್ಷ ಫೆಬ್ರವರಿ 3ರ ಸಂಜೆಯಿಂದ 5ರ ಸಂಜೆಯವರೆಗೆ ಸೂರ್ಯ, ಚಂದ್ರ, ಬುಧ, ಶುಕ್ರ, ಮಂಗಳ, ಗುರು, ಶನಿ ಮತ್ತು ಕೇತು ಮಕರ ರಾಶಿಯಲ್ಲಿ ಸೇರಿದ್ದವು. ಕೇತು ಕಣ್ಣಿಗೆ ಕಾಣುವ ಕಾಯವಲ್ಲ; ಚಂದ್ರನ ಹಾದಿ ಸೂರ್ಯನ ಹಾದಿಯನ್ನು ದಾಟುವ ಎರಡು ಬಿಂದುಗಳಲ್ಲಿ ಒಂದು. ಅದನ್ನು ಬಿಟ್ಟರೂ ಉಳಿದ ಏಳೂ ಸುಮಾರು 16 ಡಿಗ್ರಿಗಳ ಒಳಗೆ ಬಂದಿದ್ದವು. ಸಾಲದ್ದಕ್ಕೆ, ಅದೇ ಅಮಾವಾಸ್ಯೆಯಂದು ಪೆಸಿಫಿಕ್ ಸಾಗರದ ಕಡೆ ಸಂಪೂರ್ಣ ಸೂರ್ಯಗ್ರಹಣ.

ದೇಶದ ಉದ್ದಗಲಕ್ಕೂ ಹೋಮ, ಯಜ್ಞ, ಅಖಂಡ ಭಜನೆಗಳು ನಡೆದವು. ಜನ ಪ್ರಯಾಣ ಮುಂದೂಡಿದರು. ಮದುವೆ ಮುಂಜಿಗಳು ತಡವಾದವು. ಎಷ್ಟೋ ಮಂದಿ ಜಾಗರಣೆ ಕುಳಿತರು. ಫೆಬ್ರವರಿ 6ರಂದು ಸೂರ್ಯ ಎಂದಿನಂತೆ ಮೂಡಿದ. ಅದೇ ತಿಂಗಳ ಕೊನೆಯ ಭಾಗದಲ್ಲಿ ದೇಶದಲ್ಲಿ ಮೂರನೆಯ ಮಹಾಚುನಾವಣೆ ಏನೂ ಆಗದಂತೆ ನಡೆದುಹೋಯಿತು.

ಇದರಲ್ಲಿ ಎರಡು ಸ್ವಾರಸ್ಯಗಳಿವೆ. ಮೊದಲನೆಯದು, ಜಗತ್ತೇ ಹೆದರಿದ ಆ ಕೂಟವನ್ನು ಯಾರೂ ನೋಡುವಂತಿರಲಿಲ್ಲ. ಗ್ರಹಗಳೆಲ್ಲ ಸೂರ್ಯನ ಪಕ್ಕದಲ್ಲೇ ಇದ್ದುದರಿಂದ ಅವನೊಡನೆ ಮೂಡಿ ಅವನೊಡನೆ ಮುಳುಗಿದವು. ಹಗಲ ಬೆಳಕಿನಲ್ಲಿ ಮರೆಯಾದವು. ಎರಡನೆಯದು ಇನ್ನೂ ವಿಚಿತ್ರ. ಭಾರತೀಯ ಪಂಚಾಂಗದಲ್ಲಿ ಮಕರದಲ್ಲಿದ್ದ ಅದೇ ಗ್ರಹಗಳು ಪಾಶ್ಚಾತ್ಯ ಜ್ಯೋತಿಷಿಗಳ ಲೆಕ್ಕದಲ್ಲಿ ಕುಂಭದಲ್ಲಿದ್ದವು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಎರಡು ಪದ್ಧತಿಗಳ ನಡುವೆ ಆಗ ಸುಮಾರು 23 ಡಿಗ್ರಿಗಳ ಅಂತರ ಬೆಳೆದಿತ್ತು. ಇಲ್ಲಿ ಅದು ಪ್ರಳಯದ ಸೂಚನೆಯಾದರೆ, ಅಲ್ಲಿ ಕೆಲವರಿಗೆ ಹೊಸ ಯುಗದ ಜನನದ ಸೂಚನೆಯಾಯಿತು. ಆಕಾಶ ಒಂದೇ, ಓದಿದ್ದು ಎರಡು ಬಗೆ!

ಯುಗ ಎಂಬ ಲ.ಸಾ.ಅ.

ಗ್ರಹಗಳ ಕೂಟಕ್ಕೂ ಯುಗದ ಅಂತ್ಯಕ್ಕೂ ನಂಟು ಬೆಳೆದದ್ದು ಹೇಗೆ? ಉತ್ತರ ಏಳನೆಯ ತರಗತಿಯ ಗಣಿತದಲ್ಲಿದೆ. ಮೂವರು ಹುಡುಗರು ಆಟದ ಮೈದಾನವನ್ನು ಸುತ್ತುತ್ತಿದ್ದಾರೆ. ಒಬ್ಬನಿಗೆ ಒಂದು ಸುತ್ತಿಗೆ 2 ನಿಮಿಷ, ಇನ್ನೊಬ್ಬನಿಗೆ 3, ಮತ್ತೊಬ್ಬನಿಗೆ 5. ಮೂವರೂ ಹೊರಟ ಗೆರೆಯಲ್ಲೇ ಮತ್ತೆ ಒಟ್ಟಿಗೆ ಸೇರುವುದು 30 ನಿಮಿಷಕ್ಕೆ. ಇದೇ ಲಘುತಮ ಸಾಮಾನ್ಯ ಅಪವರ್ತ್ಯ. ಹುಡುಗರ ಬದಲು ಗ್ರಹಗಳನ್ನು, ಮೈದಾನದ ಬದಲು ರಾಶಿಚಕ್ರವನ್ನು ಇಟ್ಟರೆ ಸಿಗುವ ಮಹಾ ಅಪವರ್ತ್ಯವೇ ಪ್ರಾಚೀನ ಖಗೋಳಜ್ಞರ 'ಯುಗ'.

ಆರ್ಯಭಟನ ಲೆಕ್ಕ ನೋಡಿ. 43,20,000 ವರ್ಷಗಳ ಮಹಾಯುಗದಲ್ಲಿ ಗುರು 3,64,224 ಸುತ್ತು, ಶನಿ 1,46,564 ಸುತ್ತು, ಮಂಗಳ 22,96,824 ಸುತ್ತು ಬರುತ್ತವೆ ಎಂದು ಅವನು ಹೇಳುತ್ತಾನೆ. ವರ್ಷಗಳನ್ನು ಸುತ್ತುಗಳಿಂದ ಭಾಗಿಸಿದರೆ ಗುರುವಿನ ಒಂದು ಸುತ್ತಿಗೆ 11.86 ವರ್ಷ, ಶನಿಯ ಒಂದು ಸುತ್ತಿಗೆ 29.48 ವರ್ಷ ಎಂದು ಬರುತ್ತದೆ. ಇಂದಿನ ಅಂಕಿಗಳು 11.86 ಮತ್ತು 29.46. ದೂರದರ್ಶಕವಿಲ್ಲದ ಕಾಲಕ್ಕೆ ಇದು ಅಸಾಧಾರಣ ಸಾಧನೆ. ಭಿನ್ನರಾಶಿಗಳ ಗೋಜಿಲ್ಲದೆ ಗ್ರಹಗತಿಯನ್ನು ಪೂರ್ಣಸಂಖ್ಯೆಗಳಲ್ಲಿ ಹಿಡಿದಿಡಲು ಅಷ್ಟು ದೊಡ್ಡ ಅವಧಿ ಬೇಕಾಗಿತ್ತು.

ಈ ಓಟದ ಹೊರಡುವ ಗೆರೆ ಎಲ್ಲಿ? ಕ್ರಿ.ಪೂ. 3102ರ ಫೆಬ್ರವರಿ 18. ಅದೇ ಕಲಿಯುಗದ ಆರಂಭ. 'ಸೂರ್ಯಸಿದ್ಧಾಂತ'ದವರು ಅಂದಿನ ನಡುರಾತ್ರಿಯಿಂದ, 'ಆರ್ಯಭಟೀಯ'ದವರು ಸೂರ್ಯೋದಯದಿಂದ ಎಣಿಸಿದರು. ಕಲಿಯ 3,600 ವರ್ಷ ಕಳೆದಾಗ ತನಗೆ 23 ವರ್ಷ ಎಂದು ಆರ್ಯಭಟ ಬರೆದುಕೊಂಡಿದ್ದಾನೆ, ಅದು ಕ್ರಿ.ಶ. 499.

ಆ ದಿನ ಗ್ರಹಗಳು ನಿಜವಾಗಿಯೂ ಒಂದೇ ಗೆರೆಯಲ್ಲಿದ್ದವೇ? ಇಂದಿನ ಗಣಿತದಿಂದ ಹಿಂದಕ್ಕೆ ಎಣಿಸಿದರೆ ಅವು ಒಂದೇ ದಿಕ್ಕಿನಲ್ಲಿ ಇದ್ದುದು ಹೌದು, ಆದರೆ ಸುಮಾರು 40 ಡಿಗ್ರಿಗಳಷ್ಟು ಹರಡಿದ್ದವು. ಅಂದರೆ ಯಾರೋ ಕಣ್ಣಾರೆ ಕಂಡು ಬರೆದಿಟ್ಟ ಕೂಟ ಇದಲ್ಲ. ತಮ್ಮ ಕಾಲದ ಗ್ರಹಸ್ಥಿತಿಯನ್ನು ಅಳೆದು, ಅಲ್ಲಿಂದ ಹಿಂದಕ್ಕೆ ಎಣಿಸಿ, ಲೆಕ್ಕಕ್ಕೆ ಅನುಕೂಲವಾಗುವ ಆರಂಭವನ್ನು ಗಣಿತಜ್ಞರು ಗೊತ್ತುಮಾಡಿಕೊಂಡರು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ರೈಲ್ವೆ ಹಳಿಯ ಪಕ್ಕದ ಸೊನ್ನೆ ಕಿಲೋಮೀಟರ್ ಕಲ್ಲಿನಂತೆ ಅದು. ಕಲ್ಲು ನೆಟ್ಟಲ್ಲಿಂದ ದೂರವನ್ನು ಅಳೆಯಬಹುದು; ಕಲ್ಲು ಯಾವ ಅಪಘಾತವನ್ನೂ ಸೂಚಿಸುವುದಿಲ್ಲ.

ಯುಗಗಳ ಪುರಾಣ ಮತ್ತು ಯುಗಗಳ ಗಣಿತ ಒಂದೇ ಅಲ್ಲ ಎಂಬುದಕ್ಕೂ ಆರ್ಯಭಟನೇ ಸಾಕ್ಷಿ. ಪುರಾಣಗಳಲ್ಲಿ ಕೃತ, ತ್ರೇತಾ, ದ್ವಾಪರ, ಕಲಿಗಳ ಅವಧಿ 4:3:2:1ರ ಪ್ರಮಾಣದಲ್ಲಿ ಇಳಿಯುತ್ತದೆ. ಆರ್ಯಭಟ ಮಹಾಯುಗವನ್ನು 10,80,000 ವರ್ಷಗಳ ನಾಲ್ಕು ಸಮಪಾಲು ಮಾಡಿದ. ಅವನ ಗ್ರಹಗಳ ಸುತ್ತುಗಳನ್ನು ನಾಲ್ಕರಿಂದ ಭಾಗಿಸಿ ನೋಡಿ, ಶೇಷ ಉಳಿಯುವುದಿಲ್ಲ! ಸ್ಮೃತಿಗೆ ವಿರುದ್ಧವಾಗಿ ನಡೆದನೆಂದು 628ರಲ್ಲಿ ಬ್ರಹ್ಮಗುಪ್ತ ಅವನನ್ನು ಟೀಕಿಸಿದ. ಇಬ್ಬರೂ ದೊಡ್ಡ ಗಣಿತಜ್ಞರೇ. ಯುಗದ ಅಳತೆಯ ಬಗ್ಗೆ ಅವರ ನಡುವೆಯೇ ವಾದವಿತ್ತು ಎಂಬುದನ್ನು ಇಂದು ತಾರೀಖು ಹೇಳಿ ಹೆದರಿಸುವವರು ಮರೆಯುತ್ತಾರೆ.

ಕಲಿವರ್ಷದ ಲೆಕ್ಕ ಕನ್ನಡ ನಾಡಿಗೂ ಹಳೆಯದು. ಐಹೊಳೆಯ ಮೇಗುತಿ ಜಿನಾಲಯದ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ ಶಾಸನವಿದೆ. ಭಾರತ ಯುದ್ಧದಿಂದ 3735 ವರ್ಷ, ಶಕ ವರ್ಷ 556 ಎಂದು ಅದರಲ್ಲಿ ಕಾಲ ನಮೂದಾಗಿದೆ. ಎರಡೂ ಕ್ರಿ.ಶ. 634ರ ಸುಮಾರಿಗೆ ಹೊಂದುತ್ತವೆ. ರವಿಕೀರ್ತಿಗೆ ಕಲಿ ಎಂಬುದು ಭಯವಲ್ಲ; ದೇಗುಲ ಕಟ್ಟಿ ಮುಗಿದ ವರ್ಷವನ್ನು ಬರೆದಿಡುವ ಕ್ಯಾಲೆಂಡರ್.

ಬಾಬಿಲೋನಿನಿಂದ ಟೊಲೆಡೊವರೆಗೆ

ಕೂಟದಿಂದ ಪ್ರಳಯ ಎಂಬ ಮಾತು ಭಾರತದ್ದು ಮಾತ್ರವಲ್ಲ. ಕ್ರಿ.ಪೂ. ಮೂರನೆಯ ಶತಮಾನದ ಹೊತ್ತಿಗೆ ಬಾಬಿಲೋನಿನ ಪುರೋಹಿತ ಬೆರೋಸಸ್ ಗ್ರೀಕ್ ಭಾಷೆಯಲ್ಲಿ ತನ್ನ ನಾಡಿನ ಚರಿತ್ರೆ ಬರೆದ. ಗ್ರಹಗಳೆಲ್ಲ ಕಟಕದಲ್ಲಿ ಸೇರಿದರೆ ಲೋಕ ಬೆಂಕಿಗೆ ಆಹುತಿ, ಮಕರದಲ್ಲಿ ಸೇರಿದರೆ ಜಲಪ್ರಳಯ ಎಂದು ಅವನು ಹೇಳಿದ್ದಾಗಿ ರೋಮನ್ ತತ್ವಜ್ಞ ಸೆನೆಕ ದಾಖಲಿಸಿದ್ದಾನೆ. ಮಹಾಪ್ರವಾಹಕ್ಕೆ ಮೊದಲು ಆಳಿದ ರಾಜರ ಒಟ್ಟು ಕಾಲವನ್ನು ಬೆರೋಸಸ್ ಹೇಳುವುದು 4,32,000 ವರ್ಷ! ಕಲಿಯುಗದ ಅವಧಿಯೂ ಅಷ್ಟೇ. ಅರುವತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದ ಬಾಬಿಲೋನಿನವರಿಗೆ ಅದು 60×60×60ರ ಎರಡರಷ್ಟು, ಸಲೀಸಾದ ದುಂಡು ಸಂಖ್ಯೆ.

ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಜ್ಯೋತಿಷಿ ಅಬು ಮಾಷರ್ ಇದನ್ನು ಮುಂದುವರಿಸಿದ. ಗುರು ಮತ್ತು ಶನಿಗಳ ಸಮಾಗಮದಿಂದ ರಾಜವಂಶಗಳ ಏಳುಬೀಳು, ಮತಗಳ ಉದಯ ಎಲ್ಲವೂ ತಿಳಿಯುತ್ತದೆ ಎಂದು ಬರೆದ. ಭಾರತದಿಂದ ಹೋದ ಕಲಿಯುಗದ ಆರಂಭವನ್ನು ಅವನು ನೋಹನ ಮಹಾಪ್ರವಾಹದ ದಿನವನ್ನಾಗಿ ಮಾಡಿದ. ಇಲ್ಲಿ ಎಣಿಕೆಯ ಗೆರೆಯಾಗಿದ್ದ ತಾರೀಖು ಅಲ್ಲಿ ಪ್ರಳಯದ ತಾರೀಖಾಯಿತು. ಈ ಬಗೆಯ ಲೆಕ್ಕವನ್ನು ಎರಡು ಶತಮಾನಗಳೊಳಗೆ ಅಲ್ ಬಿರೂನಿ ಕಟುವಾಗಿ ಟೀಕಿಸಿದ. ಆದರೆ ಟೀಕೆಗಿಂತ ಭಯ ಬೇಗ ಹರಡುತ್ತದೆ.

1186ರ ಸೆಪ್ಟೆಂಬರ್‌ನಲ್ಲಿ ಗ್ರಹಗಳು ತುಲಾ ರಾಶಿಯಲ್ಲಿ ಸೇರಿದವು. ತುಲಾ ವಾಯುತತ್ವದ ರಾಶಿ. ಆದ್ದರಿಂದ ಭಯಂಕರ ಬಿರುಗಾಳಿ ಬೀಸಿ ನಗರಗಳು ಮಣ್ಣಿನಡಿ ಹೂತುಹೋಗುತ್ತವೆ ಎಂದು 'ಟೊಲೆಡೊ ಪತ್ರ' ಎಂಬ ಹೆಸರಿನ ಓಲೆಗಳು ಯುರೋಪಿನಾದ್ಯಂತ ಸುತ್ತಿದವು. ಪರ್ಷಿಯಾದಲ್ಲಿ ಕವಿ ಅನ್ವರಿಯೂ ಬಿರುಗಾಳಿಯ ಭವಿಷ್ಯ ನುಡಿದಿದ್ದನಂತೆ. ಆ ರಾತ್ರಿ ಮಿನಾರಿನ ತುದಿಯಲ್ಲಿಟ್ಟ ದೀಪ ಕೂಡ ಅಲುಗಲಿಲ್ಲವೆಂದು ಕಥೆ.

1524ರ ಫೆಬ್ರವರಿಯಲ್ಲಿ ಕೂಟ ನಡೆದದ್ದು ಮೀನ ರಾಶಿಯಲ್ಲಿ. ಮೀನ ಜಲರಾಶಿ; ಹಾಗಾಗಿ ಈ ಸಲ ಜಲಪ್ರಳಯ! ಜರ್ಮನಿಯ ಯೋಹಾನೆಸ್ ಸ್ಟೋಫ್ಲರ್ 1499ರಲ್ಲಿ ಅಚ್ಚು ಹಾಕಿಸಿದ ಪಂಚಾಂಗದಲ್ಲಿ ಇದ್ದದ್ದು ದೊಡ್ಡ ಬದಲಾವಣೆಗಳಾದಾವು ಎಂಬ ಮಾತಷ್ಟೆ. ಅದನ್ನು ಮಹಾಪೂರವನ್ನಾಗಿ ಹಿಗ್ಗಿಸಿದ್ದು ಆಗತಾನೇ ಹರಡುತ್ತಿದ್ದ ಮುದ್ರಣಯಂತ್ರ. ನೂರಕ್ಕೂ ಹೆಚ್ಚು ಪುಸ್ತಿಕೆಗಳು ಹೊರಬಂದವು. ಜನ ಗುಡ್ಡ ಹತ್ತಿದರು, ದೋಣಿ ಕಟ್ಟಿಸಿದರು. ಮಹಾಪೂರ ಬರಲಿಲ್ಲ.

ಗಮನಿಸಿ: ತುಲಾ ಎಂದರೆ ಗಾಳಿ, ಮೀನ ಎಂದರೆ ನೀರು. ಅನಾಹುತ ಯಾವುದೆಂದು ತೀರ್ಮಾನಿಸಿದ್ದು ಗ್ರಹಗಳಲ್ಲ, ಮನುಷ್ಯ ರಾಶಿಗಳಿಗೆ ಇಟ್ಟ ಹೆಸರು.

ಇಪ್ಪತ್ತು ವರ್ಷಕ್ಕೊಮ್ಮೆ ಹೆದರಿಕೆ

ಈ ಸುದ್ದಿಗಳು ಮತ್ತೆ ಮತ್ತೆ ಬರುವುದಕ್ಕೂ ಒಂದು ಲೆಕ್ಕವಿದೆ. ಗ್ರಹಗಳಲ್ಲಿ ಅತಿ ನಿಧಾನದವರು ಗುರು, ಶನಿ. ಇವರಿಬ್ಬರು ಹತ್ತಿರ ಬಂದರೆ ಉಳಿದ ಚುರುಕಿನವರು ಬೇಗ ಬಂದು ಸೇರುತ್ತಾರೆ. ಆರ್ಯಭಟನ ಅಂಕಿಗಳನ್ನೇ ತೆಗೆದುಕೊಳ್ಳಿ. ಗುರುವಿನ ಸುತ್ತುಗಳಿಂದ ಶನಿಯ ಸುತ್ತುಗಳನ್ನು ಕಳೆದರೆ 2,17,660. ಮಹಾಯುಗದಲ್ಲಿ ಅವರಿಬ್ಬರು ಸಂಧಿಸುವುದು ಅಷ್ಟು ಸಲ. 43,20,000ವನ್ನು ಇದರಿಂದ ಭಾಗಿಸಿದರೆ 19.85 ವರ್ಷ. 1961, 1981, 2000, 2020 — ಸಮಾಗಮಗಳ ಸಾಲು ಹೀಗೆ ಸಾಗುತ್ತದೆ. 1962ರ ಭಯ, 1982ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾ ಭೂಕಂಪದಿಂದ ನಾಶವಾಗುತ್ತದೆಂಬ ಪುಸ್ತಕದ ಭಯ, 2000ದ ಮೇ 5ರ ಭಯ ಎಲ್ಲವೂ ಈ ಸಾಲಿನ ಅಕ್ಕಪಕ್ಕದಲ್ಲೇ ಹುಟ್ಟಿದವು. ಪ್ರಳಯ ಬರಲಿಲ್ಲ, ಪ್ರಳಯದ ಸುದ್ದಿ ಮಾತ್ರ ಸಮಯಕ್ಕೆ ಸರಿಯಾಗಿ ಬಂತು.

ಪುರಾಣದ ಒಂದು ಮಾತೂ ಹೀಗೆಯೇ. ಸೂರ್ಯ, ಚಂದ್ರ, ಪುಷ್ಯ ನಕ್ಷತ್ರ ಮತ್ತು ಗುರು ಒಂದೇ ರಾಶಿಯಲ್ಲಿ ಕೂಡಿದಾಗ ಕೃತಯುಗ ಮರಳುತ್ತದೆ ಎಂದು ಮಹಾಭಾರತ, ಭಾಗವತಗಳಲ್ಲಿ ಬರುತ್ತದೆ. ಪುಷ್ಯ ಇರುವುದು ಕಟಕದಲ್ಲಿ. ಗುರು ಅಲ್ಲಿಗೆ ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಬರುತ್ತಾನೆ. ಆ ವರ್ಷದ ಕಟಕ ಮಾಸದ ಅಮಾವಾಸ್ಯೆಗೆ ಸೂರ್ಯ ಚಂದ್ರರೂ ಅಲ್ಲಿರುತ್ತಾರೆ. 2014ರ ಜುಲೈ ಕೊನೆಯಲ್ಲಿ ಮೂವರೂ ಪುಷ್ಯದಲ್ಲೇ ಇದ್ದರು. ಯುಗ ಬದಲಾಗಲಿಲ್ಲ. ಒಳ್ಳೆಯ ಕಾಲವನ್ನು ಶುಭಗ್ರಹ, ಶುಭನಕ್ಷತ್ರಗಳ ಕೂಟದಿಂದ ಸೂಚಿಸಿದ ಕವಿಯ ಆಶಯವನ್ನು ರೈಲಿನ ವೇಳಾಪಟ್ಟಿಯಂತೆ ಓದಿದರೆ ತಪ್ಪು ಓದಿದವರದು.

ಎಳೆತ ಎಷ್ಟು?

ಗ್ರಹಗಳು ಸೇರಿದರೆ ಭೂಮಿಯನ್ನು ಎಳೆಯುವುದಿಲ್ಲವೇ ಎಂಬುದು ವಿದ್ಯಾರ್ಥಿಗಳ ನ್ಯಾಯವಾದ ಪ್ರಶ್ನೆ. ಸಮುದ್ರದಲ್ಲಿ ಭರತ ಇಳಿತ ಉಂಟುಮಾಡುವ ಎಳೆತ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರ ಎರಡರಷ್ಟಾದರೆ ಎಳೆತ ಎಂಟರಲ್ಲಿ ಒಂದು ಭಾಗ. ಶುಕ್ರ ಅತಿ ಹತ್ತಿರ ಬಂದಾಗಲೂ ಅದರ ಈ ಬಗೆಯ ಎಳೆತ ಚಂದ್ರನದರ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ದೈತ್ಯ ಗುರುವಿನದು ಒಂದೂವರೆ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಚಂದ್ರನಾದರೋ ದಿನವೂ ಮಂಗಳೂರಿನ, ಕಾರವಾರದ ಕಡಲನ್ನು ಎತ್ತಿ ಇಳಿಸುತ್ತಲೇ ಇದ್ದಾನೆ.

ಇನ್ನೊಂದು ಮಾತು. ಮಂಗಳ, ಗುರು, ಶನಿಗಳು ಸೂರ್ಯನ ಪಕ್ಕದಲ್ಲಿ ಕಂಡರೆ ಅವು ಸೂರ್ಯನ ಆಚೆ ಬದಿಯಲ್ಲಿವೆ, ಭೂಮಿಯಿಂದ ಅತಿ ದೂರದಲ್ಲಿವೆ ಎಂದರ್ಥ. 1962ರಲ್ಲಿ ಆದದ್ದು ಅದೇ. ಜನ ಅತಿ ಹೆಚ್ಚು ಹೆದರಿದ ದಿನಗಳಲ್ಲಿ ಆ ಮೂರು ಗ್ರಹಗಳ ಎಳೆತ ಅತಿ ಕಡಿಮೆಯಾಗಿತ್ತು!

ನಿದ್ದೆಗೆಟ್ಟ ಮಕ್ಕಳು

2012ರ ಡಿಸೆಂಬರ್ 21 ಅನೇಕರಿಗೆ ನೆನಪಿರಬಹುದು. ಮಧ್ಯ ಅಮೆರಿಕದ ಮಾಯಾ ಜನ 1,44,000 ದಿನಗಳ ಘಟಕದಲ್ಲಿ ಕಾಲ ಎಣಿಸುತ್ತಿದ್ದರು. ಅಂಥ 13 ಘಟಕಗಳು, ಅಂದರೆ 18,72,000 ದಿನ ಅಥವಾ ಸುಮಾರು 5,125 ವರ್ಷ, ಅಂದು ಮುಗಿದವು. ಆರಂಭ ಕ್ರಿ.ಪೂ. 3114ರಲ್ಲಿ, ಕಲಿಯುಗದ ಆರಂಭಕ್ಕೆ ಹನ್ನೆರಡೇ ವರ್ಷ ಮೊದಲು. ಸಾಗರಗಳಾಚೆಯ ಎರಡು ಜನಾಂಗಗಳ ನಡುವಿನ ಆಕಸ್ಮಿಕವಿದು. ಆದರೆ ಮಾಯಾ ಜನ ಅಂದು ಪ್ರಳಯವೆಂದು ಲೆಕ್ಕ ನಿಲ್ಲಿಸಿರಲಿಲ್ಲ. ಪಾಲೆಂಕೆಯ ಶಾಸನವೊಂದರಲ್ಲಿ ಕ್ರಿ.ಶ. 4772ರ ತಾರೀಖು ಇದೆ. ಗೋಡೆಯ ಕ್ಯಾಲೆಂಡರ್ ಡಿಸೆಂಬರ್ 31ಕ್ಕೆ ಮುಗಿದರೆ ಹೊಸದನ್ನು ತಂದು ನೇತುಹಾಕುವಷ್ಟೇ ಸಹಜ ಸಂಗತಿ.

ಆದರೂ ಸುದ್ದಿ ಮಾಡಬೇಕಾದ ಕೆಲಸ ಮಾಡಿತು. ಅಮೆರಿಕದ ನಾಸಾದಲ್ಲಿ ಸಾರ್ವಜನಿಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ವಿಜ್ಞಾನಿ ಡೇವಿಡ್ ಮಾರಿಸನ್ ಅವರಿಗೆ ಮಕ್ಕಳಿಂದಲೂ ಪತ್ರಗಳು ಬಂದವು. ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ ಎಂದವರಿದ್ದರು. ಸಾಯುವ ಮಾತಾಡಿದವರೂ ಇದ್ದರು. ಬೆಳಿಗ್ಗೆ ಸುಳ್ಳಾಗುವ ಭವಿಷ್ಯ ರಾತ್ರಿಯಿಡೀ ನಿಜವಾದ ನೋವು ಕೊಡುತ್ತದೆ.

ಈ ನೋವು ಮನೆಯ ಹತ್ತಿರವೂ ಇದೆ. 1980ರ ಫೆಬ್ರವರಿ 16ರ ಸಂಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರ, ಹುಬ್ಬಳ್ಳಿ, ರಾಯಚೂರುಗಳ ಕಡೆಯಿಂದ ಹಾದುಹೋಯಿತು. ಅದನ್ನು ನೋಡಲು ವಿಜ್ಞಾನಿಗಳು ದೂರದೂರದಿಂದ ಬಂದರು. ಊರಿನ ಎಷ್ಟೋ ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಸಮೀಪದ ಹಳ್ಳಿಯೊಂದರಲ್ಲಿ ಅಂಗವಿಕಲ ಮಕ್ಕಳನ್ನು ಕಾಯಿಲೆ ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹಾಗೆ ಮಾಡಿದವರು ಮಕ್ಕಳ ಮೇಲಿನ ಪ್ರೀತಿಯಿಂದಲೇ ಮಾಡಿದರು. ಗ್ರಹಣ ಎಂದರೆ ನೆರಳಿನ ಆಟವೆಂದು ಆರ್ಯಭಟ ಹೇಳಿ ಹದಿನೈದು ಶತಮಾನ ಕಳೆದ ಮೇಲೂ ಆ ಮಾತು ಆ ಮನೆಯ ಹೊಸ್ತಿಲು ದಾಟಿರಲಿಲ್ಲ.

ಮಗು ಹೆದರಿ ಬಂದಾಗ "ಅದೆಲ್ಲ ಸುಳ್ಳು, ಹೋಗಿ ಓದಿಕೋ" ಎಂದು ಗದರಿದರೆ ಭಯ ಹೋಗುವುದಿಲ್ಲ, ಬಾಯಿ ಮುಚ್ಚುತ್ತದೆ ಅಷ್ಟೆ. ಅದರ ಬದಲು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಬಹುದು. ಹೀಗೆ ಗ್ರಹಗಳು ಸೇರಿದ್ದು ಇದೇ ಮೊದಲೇ? ಹಿಂದೆ ಸೇರಿದಾಗ ಏನಾಯಿತು? ಏನಾದರೂ ಆಗುವುದಾದರೆ ಅದು ಯಾವ ಬಲದಿಂದ, ಎಷ್ಟು ಪ್ರಮಾಣದಲ್ಲಿ? ಹಳೆಯ ಪಂಚಾಂಗ, ಒಂದು ಕಾಗದ, ಒಂದು ಪೆನ್ಸಿಲ್ ಇದ್ದರೆ ಸಾಕು. ಮನೆಯಲ್ಲಿ ಅಜ್ಜ ಇದ್ದರೆ ಇನ್ನೂ ಒಳ್ಳೆಯದು. 1962ರ ಫೆಬ್ರವರಿ 6ರ ಬೆಳಗನ್ನು ಕಂಡ ಸಾಕ್ಷಿ ಅವರು.

ಮುಂದಿನ ಪರೀಕ್ಷೆಯ ದಿನವೂ ಗೊತ್ತಾಗಿದೆ. 2040ರ ಸೆಪ್ಟೆಂಬರ್ 8ರ ಸುಮಾರಿಗೆ ಬುಧ, ಶುಕ್ರ, ಮಂಗಳ, ಗುರು, ಶನಿ ಐದೂ ಹತ್ತು ಡಿಗ್ರಿಗಳೊಳಗೆ ಬರಲಿವೆ. ಜೊತೆಗೆ ಬಿದಿಗೆ ಚಂದ್ರನಂಥ ಎಳೆಯ ಚಂದ್ರ. 1962ರಂತೆ ಹಗಲಲ್ಲಿ ಅಡಗದೆ, ಸಂಜೆ ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಬರಿಗಣ್ಣಿಗೇ ಕಾಣುವ ಕೂಟ. ಚಾಚಿದ ಕೈಯ ಒಂದು ಮುಷ್ಟಿಯ ಅಗಲದೊಳಗೆ ಐದು ಗ್ರಹಗಳು! ಪ್ರಳಯದ ಸುದ್ದಿಯೂ ಆಗ ಖಂಡಿತ ಬರುತ್ತದೆ. ಇಂದು ಶಾಲೆಯಲ್ಲಿರುವ ಮಕ್ಕಳು ಅಷ್ಟು ಹೊತ್ತಿಗೆ ತಾವೇ ಅಪ್ಪ ಅಮ್ಮಂದಿರಾಗಿರುತ್ತಾರೆ. ಆ ಸಂಜೆ ಅವರು ತಮ್ಮ ಮಕ್ಕಳನ್ನು ಒಳಗೆ ಕೂಡಿ ಬಾಗಿಲು ಹಾಕುತ್ತಾರೋ, ಕೈ ಹಿಡಿದು ಮಾಳಿಗೆ ಹತ್ತಿಸುತ್ತಾರೋ ಎಂಬುದು ಇಂದಿನ ಮನೆಗಳಲ್ಲೇ ತೀರ್ಮಾನವಾಗುತ್ತಿದೆ.